ರೆಕಾರ್ಡ್ ರೂಮಿನ ಹುತ್ತ

ಮದ್ದೂರಿನ ಆ ಸರ್ಕಾರಿ ಕಚೇರಿ ಯಾವುದು ಅಂತ ಕೇಳಬೇಡಿ. ಹೇಳಿದರೆ ಹೇಳಿದವರಿಗೂ ಒಂದು ನೋಟಿಸ್ ಬರುತ್ತದೆ. ಅಲ್ಲಿ ನೋಟಿಸ್ ಕೊಡುವುದಕ್ಕೆ ತಪ್ಪು ಬೇಕಿಲ್ಲ, ಪ್ರಿಂಟರಿನಲ್ಲಿ ಇಂಕಿದ್ದರೆ ಸಾಕು.

ಆ ಮಂಗಳವಾರ ನೋಟಿಸ್ ಬಂದದ್ದು ಚಲುವಮ್ಮನಿಗೆ. ಹದಿನೆಂಟು ವರ್ಷದಿಂದ ಆ ಕಚೇರಿಯ ಕಸ ಗುಡಿಸುವವಳು, ಕಕ್ಕಸು ತೊಳೆಯುವವಳು ಅವಳೇ. ನೋಟಿಸ್ ಬಂದಾಗಲೂ ಕಕ್ಕಸಿನಲ್ಲೇ ಇದ್ದಳು. ಸೀರೆ ಮೊಣಕಾಲಿಗೆ ಎತ್ತಿ ಕಟ್ಟಿ, ಕಟ್ಟಿಕೊಂಡಿದ್ದ ಗುಂಡಿಯೊಳಗೆ ಮೊಳಕೈವರೆಗೂ ಕೈ ಬಿಟ್ಟಿದ್ದಳು. ಯಾರೋ ಗುಟ್ಕಾ ಚೀಟಿ ತುರುಕಿದ್ದರು. ಅಷ್ಟೆಲ್ಲ ಓದಿದವರು, ಗುಟ್ಕಾ ಚೀಟಿ ಎಲ್ಲಿ ಹಾಕಬೇಕು ಅಂತ ಓದಿರಲಿಲ್ಲ. ಆಸಿಡ್ಡು ಬಿದ್ದು ಬಿದ್ದು ಚಲುವಮ್ಮನ ಬೆರಳ ತುದಿ ಬೋಳಾಗಿತ್ತು. ಹಾಜರಿ ಮಿಷನ್ನಿಗೆ ಹೆಬ್ಬೆಟ್ಟು ಒತ್ತಿದರೆ ಅದು ಒಪ್ಪುತ್ತಿರಲಿಲ್ಲ. ‘ಮತ್ತೆ ಪ್ರಯತ್ನಿಸಿ’ ಅನ್ನುತ್ತಿತ್ತು. ದಿನಾ ಬೆಳಿಗ್ಗೆ ಆ ಮಿಷನ್ನಿಗೆ ಐದಾರು ಸಲ ಸಲಾಮು ಹೊಡೆದು, ಆಮೇಲೆ ಪೊರಕೆ ಹಿಡಿಯಬೇಕಾಗಿತ್ತು.

ಕಕ್ಕಸಿನ ಬಾಗಿಲಿಗೆ ಬಂದು ನಿಂತವನು ಸಿದ್ದೇಶ್, ರೆಕಾರ್ಡ್ ರೂಮಿನ ಗುಮಾಸ್ತ. ಮೂಗಿಗೆ ಕರ್ಚೀಫು ಹಿಡಿದಿದ್ದ. ಚಲುವಮ್ಮನಿಗೆ ಮಗನಿದ್ದಿದ್ದರೆ ಇವನಷ್ಟೇ ವಯಸ್ಸಾಗುತ್ತಿತ್ತು.

"ಏಯ್ ಚಲುವಮ್ಮ, ಕೈ ತೊಳ್ಕಂಡ್ ಬಾ ಇಲ್ಲಿ. ತಗ ಇದ."

"ಏನ್ ಸಾ ಇದು?"

"ನೋಟಿಸು."

"ಏನಂತೆ?"

"ರೆಕಾರ್ಡ್ ರೂಮ್ಗೆ ಗೆದ್ಲು ಇಡ್ದು ಪೈಲೆಲ್ಲಾ ಮಣ್ಣಾಗದೆ. ಯಾಕ್ ಇಂಗ್ ಮಾಡ್ದೆ ಅಂತ."

ಚಲುವಮ್ಮನಿಗೆ ಮೊದಲು ಬಂದದ್ದು ನಗು.

"ನಾನೇನ್ ಗೆದ್ಲು ಸಾಕಿದ್ನಾ ಸಾ? ಎಲ್ಡು ಕೋಳಿ ಸಾಕಿವ್ನಿ, ಅಷ್ಟೇಯ."

"ಅದ್ನೇ ಬರ್ದು ಕೊಡು," ಅಂದ ಸಿದ್ದೇಶ್. ಕಾಗದವನ್ನು ನೀರಿನ ಡ್ರಮ್ಮಿನ ಮೇಲೆ ಇಟ್ಟು ಹೋದ. ಕೈಗೆ ಕೊಡಲಿಲ್ಲ.

ಈ ಗೆದ್ದಲಿನ ಕಥೆಯನ್ನು ಬುಡದಿಂದ ಕೇಳಬೇಕು. ಮೂರು ವರ್ಷದ ಹಿಂದೆ ರೆಕಾರ್ಡ್ ರೂಮಿನ ಹಿಂದಿನ ಮೂಲೆಯಲ್ಲಿ ನೆಲ ಬಿರಿದು ಗೇಣುದ್ದ ಮಣ್ಣು ಎದ್ದಿತ್ತು. ತಲೆ ನೆಟ್ಟಗಿದ್ದವನು ಎರಡು ಒದ್ದು, ಸೀಮೆಎಣ್ಣೆ ಸುರಿದು ಸುಮ್ಮನಾಗುತ್ತಿದ್ದ. ಆದರೆ ಅದನ್ನು ಮೊದಲು ಕಂಡವನು ಕಚೇರಿಯ ಮ್ಯಾನೇಜರ್ ಪುಟ್ಟಸ್ವಾಮಿ. ಅದೇ ವಾರ, ಎಂಟು ವರ್ಷದಿಂದ ನಿಂತಿದ್ದ ಅವನ ಬಡ್ತಿ ಬಂದುಬಿಟ್ಟಿತು. ಇನ್ನು ಕೇಳಬೇಕೆ? ಬಡ್ತಿ ಕೊಟ್ಟದ್ದು ಸರ್ಕಾರವಲ್ಲ, ನಾಗಪ್ಪ. ಎದ್ದದ್ದು ಮಣ್ಣಲ್ಲ, ಹುತ್ತ.

ಸೋಮವಾರ ಸೋಮವಾರ ತನಿ ಎರೆಯುವುದು ಶುರುವಾಯಿತು. ಹುತ್ತದ ಬಾಯಿಗೆ ಹಾಲು, ನೆತ್ತಿಗೆ ಅರಿಸಿನ ಕುಂಕುಮ, ಮೇಲೊಂದು ಚೆಂಡುಹೂವಿನ ಹಾರ. ಷಷ್ಠಿಯ ದಿನ ಮೊಟ್ಟೆ. ಊರುಗಳ ಕಡೆ ಷಷ್ಠಿಗೆ ಹುತ್ತದ ಮುಂದೆ ಕೋಳಿಯನ್ನೇ ಕುಯ್ಯುತ್ತಾರೆ. ಸರ್ಕಾರಿ ಕಚೇರಿ ಎಂಬ ಮರ್ಯಾದೆಗೆ ಇಲ್ಲಿ ಕುಯ್ಯಲಿಲ್ಲ, ಅಷ್ಟೆ. ವಾರವಾರ ಹಾಲು ಕುಡಿದ ಗೆದ್ದಲು ಸುಮ್ಮನಿರುತ್ತದೆಯೇ? ಗೇಣುದ್ದದ್ದು ಮೊಣಕಾಲಿಗೆ ಬಂತು, ಮೊಣಕಾಲಿಗಿದ್ದದ್ದು ಸೊಂಟಕ್ಕೆ ಬಂತು. ಅದು ಬೆಳೆದಷ್ಟೂ ಭಕ್ತಿ ಬೆಳೆಯಿತು. ಸಿದ್ದೇಶನಿಗೆ ಹೆಣ್ಣು ಗೊತ್ತಾದದ್ದೂ ಅದರ ದಯೆಯಿಂದಲೇ ಅಂತಾಯಿತು. ವರ್ಷಕ್ಕೊಮ್ಮೆ ಗೆದ್ದಲಿಗೆ ಔಷಧಿ ಹೊಡೆಯುವವರು ಬಂದರೆ ಪುಟ್ಟಸ್ವಾಮಿ ಬಾಗಿಲಲ್ಲೇ ತಡೆದು, ಕಾಫಿ ಕುಡಿಸಿ, ‘ಔಷಧಿ ಹೊಡೆಯಲಾಗಿದೆ’ ಅಂತ ತಾನೇ ಸಹಿ ಹಾಕಿ ಕಳಿಸುತ್ತಿದ್ದ.

ಆ ಕೋಣೆಗೆ ಹೋಗುವವರು ಚಪ್ಪಲಿ ಬಿಟ್ಟು ಹೋಗಬೇಕು. ಚಲುವಮ್ಮ ಚಪ್ಪಲಿ ಬಿಟ್ಟರೂ ಹೋಗುವ ಹಾಗಿಲ್ಲ. ಮೊದಲ ಸೋಮವಾರವೇ ಸಿದ್ದೇಶ್ ಕಡ್ಡಿ ಮುರಿದ ಹಾಗೆ ಹೇಳಿಬಿಟ್ಟಿದ್ದ.

"ನೀನು ಕಕ್ಕಸ್ ತೊಳ್ಯೋಳು. ಇದು ನಾಗಪ್ಪ ಇರೋ ಜಾಗ. ಮೈಲ್ಗೆಯಾದ್ರೆ ನಮ್ಮನೆ ಮಕ್ಳುಮರಿಗೆ ಒಳ್ಳೇದಾಗಲ್ಲ. ಒಸ್ಲಿಂದ ಈಚ್ಗೇ ನಿಂತ್ಕ."

ಕಕ್ಕಸು ತೊಳೆಯುವವಳು ಎಂಬುದು ಬಾಯಲ್ಲಿ ಆಡಿದ ಮಾತು. ಆಡದೆ ನುಂಗಿದ ಮಾತು ಯಾವುದು ಅಂತ ಸಿದ್ದೇಶನಿಗೂ ಗೊತ್ತು, ಚಲುವಮ್ಮನಿಗೂ ಗೊತ್ತು. ಅವಳು ಹನಕೆರೆ ಕಡೆಯ ಕಾಲೋನಿಯಿಂದ ಬರುವವಳು. ಅದನ್ನು ಈಗ ಬಾಯಿಬಿಟ್ಟು ಅಂದರೆ ಕೇಸಾಗುತ್ತದೆ. ಹಾಗಾಗಿ ಜಾತಿಯ ಹೆಸರು ಹೇಳುವುದಿಲ್ಲ, ಕೆಲಸದ ಹೆಸರು ಹೇಳುತ್ತಾರೆ. ಎಲ್ಲರಿಗೂ ಪಿಂಗಾಣಿ ಕಪ್ಪಿನಲ್ಲಿ ಟೀ, ಚಲುವಮ್ಮನಿಗೆ ಪೇಪರ್ ಕಪ್ಪಿನಲ್ಲಿ. ಯಾಕೆ ಅಂದರೆ, "ನೈರ್ಮಲ್ಯ ಕಣಮ್ಮ" ಅನ್ನುತ್ತಾರೆ. ಕಚೇರಿಯ ನೈರ್ಮಲ್ಯವನ್ನೆಲ್ಲ ಬರಿಗೈಯಲ್ಲಿ ಮಾಡುವವಳಿಗೆ ಈ ಪಾಠ.

ಅಂದ ಹಾಗೆ, ತನಿಗೆ ಹಾಲಿನ ಪ್ಯಾಕೆಟ್ಟು ತರುತ್ತಿದ್ದವಳೂ ಚಲುವಮ್ಮನೇ. ತಂದು ಹೊಸಿಲ ಮೇಲಿಟ್ಟು ಸರಿದುಕೊಳ್ಳಬೇಕು. ಪ್ಯಾಕೆಟ್ಟಿಗೆ ಮೈಲಿಗೆ ಇಲ್ಲವಂತೆ. ಪ್ಲಾಸ್ಟಿಕ್ಕಲ್ಲವೇ, ತೊಳೆದರಾಯಿತು.

ಹೀಗೆ ದೇವರೂ ಕಚೇರಿಯೂ ಅನ್ಯೋನ್ಯವಾಗಿಯೇ ಇದ್ದರು. ಕೆಡಿಸಿದ್ದು ಕೋರ್ಟು. ಯಾವುದೋ ಕೆರೆ ಒತ್ತುವರಿಯ ಕೇಸಿಗೆ ಮೂಲ ಕಡತ ಹಾಜರುಪಡಿಸಿ ಅಂತ ಆದೇಶ ಬಂತು. ಸಿದ್ದೇಶ್ ಹೋಗಿ ಕಟ್ಟು ಎಳೆದ. ಕೈಗೆ ಬಂದದ್ದು ಒಂದು ಹಿಡಿ ಮಣ್ಣು, ಒಂದು ಕೆಂಪು ದಾರ. ಸರ್ಕಾರದ ಕೆಂಪು ದಾರ ಗೆದ್ದಲಿಗೂ ಅರಗಿರಲಿಲ್ಲ. ಪಕ್ಕದ ಕಟ್ಟು ಎಳೆದ, ಅದೂ ಮಣ್ಣು. ಎಂಟು ಹಳ್ಳಿಯ ದಾಖಲೆ ನಾಗಪ್ಪನ ಹೊಟ್ಟೆ ಸೇರಿತ್ತು.

ಪುಟ್ಟಸ್ವಾಮಿ ಫ್ಯಾನಿನ ಕೆಳಗೂ ಬೆವತ. ಬೀಗದ ಕೈ ಇದ್ದದ್ದು ಸಿದ್ದೇಶನ ಸೊಂಟದಲ್ಲಿ. ಔಷಧಿ ಹೊಡೆಯಲಾಗಿದೆ ಎಂಬ ಸಹಿ ಪುಟ್ಟಸ್ವಾಮಿಯದು. ಇಬ್ಬರೂ ಬಾಗಿಲು ಹಾಕಿಕೊಂಡು ಅರ್ಧ ಗಂಟೆ ತಲೆ ಕೆಡಿಸಿಕೊಂಡರು. ಈ ಕಚೇರಿಯಲ್ಲಿ ಖಾಯಂ ಅಲ್ಲದವರು ಯಾರು? ಯೂನಿಯನ್ ಇಲ್ಲದವರು ಯಾರು? ಅಲ್ಲಿಗೆ ತನಿಖೆ ಮುಗಿಯಿತು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ.

ಸಂಜೆ ಚಲುವಮ್ಮ ಹನಕೆರೆಯಲ್ಲಿ ರೈಲಿಳಿದು ಮನೆಗೆ ಹೋಗುವಾಗ ನೋಟಿಸು ಕುಪ್ಪಸದೊಳಗೆ ಬೆವರಿಗೆ ಮೆತ್ತಗಾಗಿತ್ತು. ಮಗಳು ಸೌಮ್ಯ ಮಂಡ್ಯದಲ್ಲಿ ಬಿ.ಎ. ಕೊನೆಯ ವರ್ಷ ಓದುತ್ತಿದ್ದಳು. ನೋಟಿಸನ್ನು ಬಿಡಿಸಿ ಗಟ್ಟಿಯಾಗಿ ಓದಿದಳು.

"‘ಸದರಿ ಚಲುವಮ್ಮ ಕೋಂ ಲೇಟ್ ನಿಂಗಯ್ಯ, ಸ್ವಚ್ಛತಾ ಸಿಬ್ಬಂದಿ, ಹೊರಗುತ್ತಿಗೆ, ಆದ ತಾವು ಗೆದ್ದಲುಗಳ ಚಲನವಲನವನ್ನು ಮೇಲಧಿಕಾರಿಗಳ ಗಮನಕ್ಕೆ ತರದೆ, ಅವುಗಳ ಅಕ್ರಮ ಪ್ರವೇಶಕ್ಕೆ ಪರೋಕ್ಷ ಕುಮ್ಮಕ್ಕು ನೀಡಿ...’ ಥೂ, ಇವರ! ಅವ್ವಾ, ನೀನು ಗೆದ್ಲುಗೆ ಕುಮ್ಮಕ್ಕು ಕೊಟ್ಟಿದ್ದೀಯಂತೆ!"

"ಮುಂದ್ಕೆ ಓದವ್ವ."

"‘ಮೂರು ದಿನದೊಳಗೆ ಲಿಖಿತ ಸಮಜಾಯಿಷಿ ಸಲ್ಲಿಸದಿದ್ದಲ್ಲಿ ತಪ್ಪನ್ನು ಒಪ್ಪಿಕೊಂಡಿರುವುದಾಗಿ ಭಾವಿಸಿ, ಖಾಯಮಾತಿ ಪಟ್ಟಿಯಿಂದ ತಮ್ಮ ಹೆಸರನ್ನು ಕೈಬಿಡಲಾಗುವುದು.’"

ಸೌಮ್ಯಳ ನಗು ಅಲ್ಲಿಗೆ ನಿಂತಿತು. ಚಲುವಮ್ಮ ಕೈಲಿದ್ದ ನೀರಿನ ಚೊಂಬನ್ನು ಕೆಳಗಿಟ್ಟಳು.

ಆ ಪಟ್ಟಿ ಹದಿನೆಂಟು ವರ್ಷಕ್ಕೆ ಮೊದಲ ಸಲ ಬಂದಿತ್ತು. ಜಿಲ್ಲೆಯ ಗುತ್ತಿಗೆಯ ಕಸ ಗುಡಿಸುವವರಲ್ಲಿ ಹಳಬರನ್ನು ಖಾಯಂ ಮಾಡುತ್ತಾರೆ, ಹೆಸರು ಹೋಗಿದೆ, ಹದಿನಾಲ್ಕನೆಯ ನಂಬರು ನಿನ್ನದೇ ಅಂತ ಹೇಳಿದ್ದರು. ಖಾಯಂ ಆದರೆ ಏನಾಗುತ್ತದೆ ಅಂತ ಸೌಮ್ಯ ಏನೇನೋ ಲೆಕ್ಕ ಹೇಳಿದ್ದಳು. ಚಲುವಮ್ಮನಿಗೆ ಬೇಕಾಗಿದ್ದದ್ದು ಒಂದೇ: ರಜೆ. ಜ್ವರ ಬಂದ ದಿನ ಮಲಗಬಹುದು. ಮೊಣಕಾಲು ಊದಿದ ದಿನ ಕಾಲು ಚಾಚಿಕೊಂಡು ಕೂತುಕೊಳ್ಳಬಹುದು. ಗಂಡ ನಿಂಗಯ್ಯ ಸತ್ತ ಮೂರನೆಯ ದಿನ ಅವಳು ಆ ಕಚೇರಿಯ ಕಕ್ಕಸು ತೊಳೆದಿದ್ದಳು. ಬರದಿದ್ದರೆ ಬೇರೆಯವರನ್ನು ಇಟ್ಟುಕೊಳ್ಳುತ್ತೇವೆ ಅಂತ ಫೋನು ಬಂದಿತ್ತು. ಅವತ್ತು ಬ್ರಷ್ಷು ಉಜ್ಜುತ್ತ ಉಜ್ಜುತ್ತ ಅತ್ತಿದ್ದಳು. ಅಳು ಕೇಳಿಸದ ಹಾಗೆ ನಲ್ಲಿ ಬಿಟ್ಟುಕೊಂಡಿದ್ದಳು. ನೀರು ಪೋಲು ಮಾಡಿದ್ದಕ್ಕೆ ಬೈಗುಳ ಬೇರೆ ತಿಂದಿದ್ದಳು.

"ಬರಿಯವ್ವ," ಅಂದಳು. "ನನ್ನ ಒಳಿಕ್ಕೇ ಬುಟ್ಟಿಲ್ಲ ಅಂತ ಬರಿ. ಅದ್ಕಿಂತ ಜಾಸ್ತಿ ಏನಿದ್ದದು?"

ಸೌಮ್ಯ ಬರೆದಳು. ಮೂರೇ ಸಾಲು. ಅದನ್ನು ಕೊಡುವುದಕ್ಕೆ ಚಲುವಮ್ಮ ಮೂರು ದಿನ ಅಲೆದಳು.

ಬುಧವಾರ ಟಪಾಲು ಟೇಬಲ್ಲಿನವನು ಕಾಗದ ಹಿಂದಕ್ಕೆ ತಳ್ಳಿದ. "ಮೂಲಕ" ಅಂತ ಹಾಕಿಲ್ಲವಂತೆ. ಪುಟ್ಟಸ್ವಾಮಿಯ ಮೇಲಿನ ದೂರು ಪುಟ್ಟಸ್ವಾಮಿಯ ಮೂಲಕವೇ ಬರಬೇಕಂತೆ. ಕಳ್ಳನ ಕೈಗೆ ಕೊಟ್ಟು ಪೊಲೀಸಿಗೆ ಕಳಿಸಿದ ಹಾಗೆ. ಸೌಮ್ಯ ರಾತ್ರಿ ಮತ್ತೆ ಬರೆದಳು. ಗುರುವಾರ ಎಡಗಡೆ ಒಂದೂವರೆ ಇಂಚು ಅಂಚು ಬಿಟ್ಟಿಲ್ಲ ಅಂದರು. ಚಲುವಮ್ಮ ಹೊರಗೆ ಜೆರಾಕ್ಸ್ ಅಂಗಡಿಯಲ್ಲಿ ಅಂಚು ಬಿಟ್ಟು ಬರೆಸಿಕೊಂಡು ಬಂದಳು. ಅಷ್ಟರಲ್ಲಿ ಟಪಾಲಿನವನು ಊಟಕ್ಕೆ ಎದ್ದಿದ್ದ. ಶುಕ್ರವಾರ ಅಂಚು ಸರಿಯಿತ್ತು, ಮೂಲಕವೂ ಇತ್ತು, ಟಪಾಲಿನವನೂ ಇದ್ದ. ಗಡಿಯಾರ ನೋಡಿ, "ನಿನ್ನೆಗೇ ಮುಗ್ದದೆ ಕಣಮ್ಮ ಟೈಮು," ಅಂದ. ನೋಟಿಸ್ ಕೊಟ್ಟ ಮಂಗಳವಾರವೂ ಒಂದು ದಿನವಂತೆ.

ಅವತ್ತು ಮಧ್ಯಾಹ್ನ ಪುಟ್ಟಸ್ವಾಮಿ ಅವಳನ್ನು ಕೋಣೆಗೆ ಕರೆಸಿದ. ಹಣೆಯಲ್ಲಿ ಕುಂಕುಮ, ಬಾಯಲ್ಲಿ ಸಕ್ಕರೆ. ಟೇಬಲ್ಲಿನ ಮೇಲೆ ಟೈಪ್ ಮಾಡಿದ ಒಂದು ಕಾಗದ, ಪಕ್ಕದಲ್ಲಿ ಇಂಕ್ ಪ್ಯಾಡು.

"ನೋಡು ಚಲುವಮ್ಮ, ನೀನು ನಮ್ಮನೆಯೋಳಿದ್ದಂಗೆ. ಸೋಮ್ವಾರ ಮಂಡ್ಯದಿಂದ ವಿಚಾರಣೆಗೆ ದೊಡ್ ಸಾಹೇಬ್ರು ಬತ್ತಾವ್ರೆ. ಅವ್ರ ಮುಂದೆ ನಿಂತು ಬಾಯ್ ಬಾಯ್ ಬುಟ್ರೆ ಏನ್ ಚೆಂದ? ‘ತಪ್ಪಾಯ್ತು, ಕ್ಷಮಿಸಿ’ ಅಂತ ಬರ್ಸಿವ್ನಿ. ಒಂದ್ ಎಬ್ಬೆಟ್ ಒತ್ತು. ಮುಗ್ದೋಯ್ತು."

"ಪಟ್ಟೀಲಿ ಎಸ್ರು?"

"ಅದು ಮೇಲ್ನೋರ್ ಕೈಲದೆ. ಮನಸ್ ಮಾಡ್ತಾರೆ ಬುಡು."

ಬಾಗಿಲಾಚೆ ಕಂಪ್ಯೂಟರಿನ ಮುಂದೆ ಕೂತಿದ್ದವಳು ರೂಪ. ಆ ಕಾಗದ ಟೈಪ್ ಮಾಡಿದವಳು ಅವಳೇ. ಅವಳೂ ಗುತ್ತಿಗೆಯವಳೇ. ಬೆಳಿಗ್ಗೆ ಕಕ್ಕಸಿಗೆ ಹೋಗುವ ನೆಪದಲ್ಲಿ ಬಂದು ಚಲುವಮ್ಮನ ಕಿವಿಯಲ್ಲಿ ಅಂದಿದ್ದಳು: "ಅಕ್ಕ, ನಿಮ್ಮ ಧರ್ಮ, ಒತ್ತಬೇಡಿ. ಒತ್ತಿದ್ರೆ ಪಟ್ಟೀಲಿ ನಿಮ್ಮೆಸ್ರು ಇರಲ್ಲ. ಎಸ್ರು ತೆಗ್ಯೋ ಆರ್ಡರು ಆಗ್ಲೇ ನನ್ ಕೈಲೇ ಟೈಪ್ ಮಾಡ್ಸಿ ಇಟ್ಕಂಡವ್ರೆ."

ಚಲುವಮ್ಮ ತನ್ನ ಹೆಬ್ಬೆಟ್ಟನ್ನು ಪುಟ್ಟಸ್ವಾಮಿಯ ಮೂಗಿನ ಹತ್ತಿರ ಹಿಡಿದಳು.

"ಇದ್ರಲ್ಲಿ ಗೆರೆ ಎಲ್ಲವೆ ಸಾ, ಒತ್ತಕ್ಕೆ? ನಿಮ್ ಕಕ್ಕಸೇ ತಿಂದಾಕದೆ. ನಿಮ್ ಮಿಷನ್ನೇ ಇವ್ಳು ಚಲುವಮ್ಮ ಅಲ್ಲ ಅಂತದೆ. ಬೇರೇರ್ದು ಒತ್ತುಸ್ಕಳಿ."

"ಕೊಬ್ಬು ಕಣೇ ನಿಂಗೆ!" ಸಕ್ಕರೆ ಕರಗಿತು. "ಬೀದೀಲಿ ನಿಂತ್ಕತೀಯ!"

"ಬೀದೀನೂ ನಾನೇ ಗುಡ್ಸೋದು ಸಾ. ನಂಗೇನೂ ಒಸದಲ್ಲ," ಅಂದು ಹೊರಗೆ ಬಂದಳು.

ಬಂದಳು, ಸರಿ. ಆದರೆ ಶನಿವಾರ ಭಾನುವಾರ ಎರಡು ದಿನವೂ ಅವಳು ಅದನ್ನೇ ಲೆಕ್ಕ ಹಾಕಿದಳು. ಬಾಯಿ ಮಾತಿಗೇನು, ಬಂದುಬಿಡುತ್ತದೆ. ಐವತ್ತೆರಡರಲ್ಲಿ ಈ ಕೆಲಸ ಹೋದರೆ ಇನ್ನೊಬ್ಬರು ಕೊಡುವುದಿಲ್ಲ. ಕಬ್ಬು ಕಡಿಯುವುದಕ್ಕೆ ಸೊಂಟ ಬಗ್ಗುವುದಿಲ್ಲ. ಮಗಳ ಪರೀಕ್ಷೆಗೆ ಇನ್ನೂ ಮೂರು ತಿಂಗಳಿತ್ತು. ಹಾಳಾದವರು, ಒಂದು ಹುಳು ಮಾಡಿದ ಕೆಲಸಕ್ಕೆ ಒಂದು ಜೀವವನ್ನು ಹಿಂಡುತ್ತಿದ್ದಾರಲ್ಲ ಅಂತ ಅವಳಿಗೆ ಹೊಟ್ಟೆ ಉರಿಯಿತು.

ಸೋಮವಾರ ಮಧ್ಯಾಹ್ನ ಎರಡಕ್ಕೆ ಜೀಪು ಬಂತು. ವಿಚಾರಣಾಧಿಕಾರಿ ಪ್ರಸನ್ನ ಇಳಿದ. ಇಸ್ತ್ರಿ ಅಂಗಿ, ಮಿಂಚುವ ಶೂ. ಕೋರ್ಟಿಗೆ ಸಂಜೆ ನಾಲ್ಕರೊಳಗೆ ವರದಿ ಹೋಗಬೇಕು, ಸ್ವಚ್ಛ ಮಾಡಿದ ರೆಕಾರ್ಡ್ ರೂಮಿನ ಫೋಟೋ ಜೊತೆಗೆ, ಅಂತ ಬರುತ್ತಲೇ ಹೇಳಿದ. ಪುಟ್ಟಸ್ವಾಮಿಯ ಕುರ್ಚಿಯಲ್ಲಿ ಕೂತ. ಪುಟ್ಟಸ್ವಾಮಿ, ಸಿದ್ದೇಶ್ ಪಕ್ಕದ ಕುರ್ಚಿಗಳಲ್ಲಿ ಕೂತರು. ರೂಪ ಲ್ಯಾಪ್‌ಟಾಪ್ ಇಟ್ಟುಕೊಂಡು ಕೂತಳು. ಚಲುವಮ್ಮನನ್ನು ನಿಲ್ಲಿಸಿದರು.

"ರೂಪ, ಯಾರು ಏನು ಹೇಳ್ತಾರೋ ಹೇಳಿದ ಹಾಗೇ ಟೈಪ್ ಮಾಡಮ್ಮ. ಒಂದಕ್ಷರ ಬಿಡಬಾರದು," ಅಂದ ಪ್ರಸನ್ನ. ಆಮೇಲೆ ಚಲುವಮ್ಮನ ಕಡೆ ತಿರುಗಿದ. "ರೆಕಾರ್ಡ್ ರೂಮು ಯಾಕೆ ಕ್ಲೀನ್ ಮಾಡಿಲ್ಲ ನೀನು?"

"ಒಳಿಕ್ ಬುಟ್ಟಿಲ್ಲ ಸಾ."

"ಯಾರು ಬಿಟ್ಟಿಲ್ಲ?"

"ನಾಗಪ್ಪ."

ಪ್ರಸನ್ನ ಕನ್ನಡಕ ಮೂಗಿನ ತುದಿಗಿಳಿಸಿದ. "ಆ ಹೆಸರಿನ ಸಿಬ್ಬಂದಿ ಇದಾರೇನ್ರೀ ಇಲ್ಲಿ?"

"ಅವ್ನೆ ಸಾ," ಅಂದಳು ಚಲುವಮ್ಮ. "ಒಂದಿನಾನೂ ರಜಾ ಆಕ್ದೋನಲ್ಲ. ಈ ಆಪೀಸ್ನಲ್ಲಿ ಎಲ್ರಿಗಿಂತ ಜಾಸ್ತಿ ಪೈಲು ನೋಡಿರೋನು ಅವ್ನೇಯ. ರೆಕಾರ್ಡ್ ರೂಮ್ನಲ್ಲಿ ಉತ್ತ ಎದ್ದದೆ. ಇವ್ರು ಸೋಮ್ವಾರ ಸೋಮ್ವಾರ ತನಿ ಎರೀತಾರೆ. ನಾನ್ ಒಳಿಕ್ ಬಂದ್ರೆ ಮೈಲ್ಗೆ ಅಂತಾರೆ. ಇವತ್ತು ನೀವ್ ಬತ್ತೀರಿ ಅಂತ ನಿಂತದೆ, ಇಲ್ದಿದ್ರೆ ಈ ಒತ್ಗೆ ಆಲು ಎರ್ದಿರೋರು."

ರೂಪಳ ಬೆರಳು ಟಕಟಕ ಓಡಿದವು. ಪುಟ್ಟಸ್ವಾಮಿ ಎದ್ದು ನಿಂತ.

"ಸಾರ್, ಓದಿಲ್ಲದ ಹೆಂಗ್ಸು, ಬ್ಯಾಡ ಅಂದ್ರೂ ಏನೇನೋ ಅಂತಾಳೆ. ಸರ್ಕಾರಿ ಕಚೇರೀಲಿ ಹುತ್ತಕ್ಕೆ ಪೂಜೆ ಮಾಡ್ತಾರಾ ಸಾರ್? ನಾನು ಬಿ.ಎಸ್ಸಿ. ಓದಿದೋನು. ಪೂಜೆ ಇಲ್ಲ, ಗೀಜೆ ಇಲ್ಲ. ಅವಳು ಯಾವಾಗ ಬೇಕಾದ್ರೂ ಒಳಗೆ ಹೋಗಬಹುದು. ನಮ್ಮಲ್ಲಿ ಭೇದಭಾವ ಅನ್ನೋದೇ ಇಲ್ಲ. ಕೆಲಸಗಳ್ಳಿ ಸಾರ್, ಅಷ್ಟೇ."

"ಹೌದು ಸಾರ್," ಅಂದ ಸಿದ್ದೇಶ್.

ಕೆಲಸಗಳ್ಳಿ! ಹದಿನೆಂಟು ವರ್ಷ ಅವರ ಹೇಲು ಬಳಿದವಳು ಕೆಲಸಗಳ್ಳಿ. ಚಲುವಮ್ಮನ ಕಿವಿ ಗುಂಯ್ ಅಂದಿತು. ಅವಳು ರೂಪಳ ಕಡೆ ತಿರುಗಿದಳು.

"ರೂಪವ್ವ, ಬರ್ಕಂಡ್ಯಾ? ಯಾವಾಗ್ ಬೇಕಾರೂ ಒಳಿಕ್ ಓಗ್ಬೌದು ಅಂದ್ರು."

"ಬರ್ಕಂಡೆ ಅಕ್ಕ."

"ಸಾ, ಅಂಗಾದ್ರೆ ಈಗ್ಲೇ ಓಗಿ ಕ್ಲೀನ್ ಮಾಡ್ಲಾ?"

ಪ್ರಸನ್ನ ಗಡಿಯಾರ ನೋಡಿದ. "ಮಾಡಮ್ಮ, ಅದೇ ನಿನ್ನ ಕೆಲಸ. ಫೋಟೋ ಬೇರೆ ಕಳಿಸಬೇಕು. ನಡೀರಿ, ನಾನೂ ಸ್ಥಳ ನೋಡ್ತೀನಿ."

ಪುಟ್ಟಸ್ವಾಮಿಯ ಮುಖ ಬಿಳಿಚಿಕೊಂಡಿತು. ಬೇಡ ಅನ್ನುವ ಹಾಗಿಲ್ಲ, ಈಗ ತಾನೇ ಹೌದು ಅಂದಿದ್ದಾನೆ. ಚಲುವಮ್ಮ ಹಿತ್ತಲಿಗೆ ಹೋಗಿ ಚರಂಡಿಯ ಮುಚ್ಚಳ ಎತ್ತುವ ಹಾರೆ ತಂದಳು. ಕಾಲಲ್ಲಿ ಕಕ್ಕಸಿಗೆ ಹಾಕಿಕೊಳ್ಳುವ ರಬ್ಬರ್ ಚಪ್ಪಲಿ. ಬಿಡಲಿಲ್ಲ. ಹಾಗೆಯೇ ಹೊಸಿಲು ದಾಟಿದಳು. ಮೂರು ವರ್ಷಕ್ಕೆ ಮೊದಲ ಸಲ.

ಒಳಗೆ ಕರ್ಪೂರದ ವಾಸನೆ. ಹಿಂದಿನ ಮೂಲೆಗೆ ಯಾರದೋ ನಿವೃತ್ತಿ ಸಮಾರಂಭದ ಹಳೆಯ ಫ್ಲೆಕ್ಸು ಅಡ್ಡ ಕಟ್ಟಿದ್ದರು. ಚಲುವಮ್ಮ ಅದನ್ನು ಹಿಡಿದು ಎಳೆದಳು. ನಿವೃತ್ತರು ನಗುತ್ತ ನೆಲಕ್ಕೆ ಬಿದ್ದರು. ಹಿಂದೆ ಹುತ್ತ ನಿಂತಿತ್ತು. ಸೊಂಟದೆತ್ತರ. ಮೈಗೆಲ್ಲ ಅರಿಸಿನ ಕುಂಕುಮ, ಕೊರಳಿಗೆ ಹೋದ ವಾರದ ಹಾರ, ಬುಡದಲ್ಲಿ ಮೊಟ್ಟೆಯ ಚಿಪ್ಪು. ಅದರ ಮಣ್ಣಿನ ಎಳೆಗಳು ಗೋಡೆ ಹಿಡಿದು ಕಡತಗಳ ಸಾಲಿನೊಳಗೆ ಹೊಕ್ಕಿದ್ದವು.

ಎಲ್ಲರೂ ಹೊಸಿಲಾಚೆ ಗುಂಪುಗೂಡಿದ್ದರು. ವಿಚಾರಣಾಧಿಕಾರಿ ಪ್ರಸನ್ನ ಹುತ್ತ ಕಂಡವನೇ ಬಗ್ಗಿ ಶೂ ಬಿಚ್ಚಿದ. ಯಾರೂ ಹೇಳಿರಲಿಲ್ಲ. ಕೈ ತಾನಾಗಿಯೇ ಎದೆಯ ಹತ್ತಿರ ಬಂದು ಜೋಡಿಸಿಕೊಂಡಿತು. ಆಮೇಲೆ ನೆನಪಾಗಿ ಕೈ ಬಿಡಿಸಿ, ಜೇಬಿನಿಂದ ಪೆನ್ನು ತೆಗೆದ.

ಚಲುವಮ್ಮ ಹಾರೆ ಎತ್ತಿದಳು. ಸುಳ್ಳೇಕೆ, ಅವಳಿಗೂ ಎದೆ ಹೊಡೆದುಕೊಂಡಿತು. ಅವಳೂ ಹುಡುಗಿಯಾಗಿದ್ದಾಗ ಅವ್ವನ ಜೊತೆ ಹೊಲದ ಹುತ್ತಕ್ಕೆ ಹಾಲೆರೆದವಳೇ. ಇದರೊಳಗೆ ನಿಜಕ್ಕೂ ಇದ್ದರೆ? ಇದ್ದರೆ ಇರಲಿ, ಅಂದುಕೊಂಡಳು. ಹೊಲದಲ್ಲಿದ್ದರೆ ಹುತ್ತ, ಕಡತದ ಕೋಣೆಯಲ್ಲಿದ್ದರೆ ಗೆದ್ದಲು. ನಾಗಪ್ಪನಿಗೆ ಹೊರಗೆ ಜಾಗಕ್ಕೇನು ಬರವೇ?

"ಬ್ಯಾಡ ಕಣಮ್ಮ! ತಾಯೀ, ನಿನ್ ಕಾಲಿಗೆ ಬೀಳ್ತೀನಿ!"

ಕೂಗಿದವನು ಪುಟ್ಟಸ್ವಾಮಿ. ಬಿ.ಎಸ್ಸಿ. ಓದಿದವನು. ಒಳಗೆ ಓಡಿಬಂದು ಹುತ್ತಕ್ಕೂ ಹಾರೆಗೂ ನಡುವೆ ಕೈ ಮುಗಿದು ನಿಂತುಬಿಟ್ಟ.

"ಮೂರ್ ವರ್ಸದಿಂದ ನನ್ ಕೈಯಾರೆ ತನಿ ಎರ್ದಿರೋ ಉತ್ತ! ಔಸ್ದಿ ಒಡ್ಯೋರ್ನೂ ಬುಡ್ದಂಗೆ ಕಾಪಾಡಿವ್ನಿ! ನಿನ್ನ ಯಾಕ್ ಒಳಿಕ್ ಬುಡ್ಲಿಲ್ಲ ಅಂದ್ಕಂಡೆ? ಇದ್ಕೇ ಕಣಮ್ಮ! ಕೇಡಾಯ್ತದೆ, ಬುಟ್ಬುಡು!"

ಬಾಗಿಲ ಕಡೆಯಿಂದ ಟಕಟಕ ಸದ್ದು ಕೇಳಿತು. ರೂಪ ಹೊಸಿಲ ಮೇಲೆ ಕೂತು, ತೊಡೆಯ ಮೇಲೆ ಲ್ಯಾಪ್‌ಟಾಪ್ ಇಟ್ಟುಕೊಂಡು, ತಲೆ ಎತ್ತದೆ ಟೈಪ್ ಮಾಡುತ್ತಿದ್ದಳು.

"ಕಾಪಾಡಿವ್ನಿ... ಆಮೇಲೆ ಏನಂದ್ರಿ ಸಾರ್?" ಅಂತ ಕೇಳಿದಳು.

ತಾನೇನು ಅಂದೆ ಅಂತ ಪುಟ್ಟಸ್ವಾಮಿಗೆ ಆಗ ಹೊಳೆಯಿತು. ಹೊತ್ತು ಮೀರಿತ್ತು.

"ಅತ್ತಗ್ ಸರೀರಿ ಸಾ," ಅಂದಳು ಚಲುವಮ್ಮ. "ನಾನ್ ಕೆಲಸಗಳ್ಳಿ. ಇವತ್ತೊಂದಿನ ಕೆಲ್ಸ ಮಾಡ್ತೀನಿ."

ಅವನು ಸರಿದ. ಮೊದಲ ಏಟಿಗೆ ಹಾರ ಹರಿಯಿತು. ಎರಡನೆಯದಕ್ಕೆ ನೆತ್ತಿ ಕಳಚಿತು. ಮೊಣಕಾಲು ಚುಳುಕ್ ಅಂದರೂ ಬಿಡದೆ ಹಾರೆಯನ್ನು ಬುಡಕ್ಕೆ ಹಾಕಿ ಮೀಟಿದಳು. ಮೂರನೆಯ ಏಟಿಗೆ ಹುತ್ತ ಬಾಯಿಬಿಟ್ಟು ಕುಸಿಯಿತು. ಸಿದ್ದೇಶ್ ಕುರ್ಚಿ ಹತ್ತಿ ನಿಂತ. ಪ್ರಸನ್ನ ಬರಿಗಾಲಲ್ಲಿ ಎರಡು ಹೆಜ್ಜೆ ಹಿಂದೆ ಹಾರಿದ. ನಾಗರವೂ ಇಲ್ಲ, ಕೇರೆಯೂ ಇಲ್ಲ. ಬೆಳ್ಳಗೆ ಪಿತಪಿತ ಅನ್ನುವ ಗೆದ್ದಲು, ಜಗಿದ ಕಾಗದದ ಹಿಟ್ಟು, ಹಾಲು ಹಳಸಿದ ನಾತ. ಅಷ್ಟೇ ಇತ್ತು ದೇವರೊಳಗೆ.

ಆಮೇಲೆ ಹತ್ತು ನಿಮಿಷ ಗುಸುಗುಸು ನಡೆಯಿತು. ಪ್ರಸನ್ನ ರೂಪಳ ಹತ್ತಿರ ಬಗ್ಗಿ, "ಆ ಕೊನೆಯ ಸಾಲು ತೆಗೆದುಬಿಡಮ್ಮ," ಅಂದ.

"ಒಂದಕ್ಷರ ಬಿಡಬಾರದು ಅಂದಿದ್ರಲ್ಲ ಸಾರ್. ಸೇವ್ ಆಗೋಗಿದೆ," ಅಂದಳು ರೂಪ.

ಅವನಿಗೆ ಬೇಕಾಗಿದ್ದದ್ದು ನಾಲ್ಕು ಗಂಟೆಯ ಫೋಟೋ. ಪುಟ್ಟಸ್ವಾಮಿಯ ತಲೆಯಲ್ಲ. ಒಬ್ಬನ ತಲೆ ಉರುಳಿದರೆ ಮಂಡ್ಯದವರೆಗೂ ಉರುಳುತ್ತದೆ. ಯೋಚಿಸಿ ಯೋಚಿಸಿ, ‘ನೈಸರ್ಗಿಕ ಕಾರಣದಿಂದ ಗೆದ್ದಲು ಬಾಧೆ, ಯಾರದೂ ಲೋಪವಿಲ್ಲ’ ಅಂತ ಬರೆಸಿದ. ಕೊನೆಗೆ ತಪ್ಪು ಹೋಗಿ ಗೆದ್ದಲಿನ ಮೇಲೆ ಕೂತಿತು. ಗೆದ್ದಲು ಸಮಜಾಯಿಷಿ ಕೊಡುವುದಿಲ್ಲ ನೋಡಿ.

"ಸರಿ, ನಿನ್ನದೇನೂ ತಪ್ಪಿಲ್ಲ ಅಂತಾಯ್ತಲ್ಲ. ಈ ಮಣ್ಣು ಬೇಗ ಬೇಗ ಗುಡಿಸಮ್ಮ," ಅಂದ.

"ನೋಟಿಸು?"

"ಅದು ತಾನಾಗೇ ರದ್ದಾಗುತ್ತೆ."

"ತಾನಾಗೇ ಬಂದಿತ್ತಾ ಸಾ ಅದು? ಇಂದಕ್ ತಗಂಡಿವ್ನಿ, ಪಟ್ಟೀಲಿ ಎಸ್ರು ಇದ್ದಂಗೇ ಅದೆ ಅಂತ ಬರ್ದು, ಸೀಲ್ ಒತ್ಕೊಡಿ. ಎಡಗಡ್ಗೆ ಒಂದೂವರೆ ಇಂಚು ಬುಡದ ಮರೀಬ್ಯಾಡಿ."

ಪ್ರಸನ್ನ ರೂಪಳ ಲ್ಯಾಪ್‌ಟಾಪಿನ ಕಡೆ ನೋಡಿ, ಹಲ್ಲು ಕಚ್ಚಿಕೊಂಡು ಬರೆಸಿದ. ರೂಪ ಪ್ರಿಂಟು ತೆಗೆದು, ಎಲ್ಲರಿಗೂ ಕೇಳುವ ಹಾಗೆ ಓದಿದಳು. ಸೀಲು ಬಿತ್ತು. ಸಹಿ ಬಿತ್ತು. ಚಲುವಮ್ಮ ಕಾಗದವನ್ನು ನಾಲ್ಕು ಮಡಿಕೆ ಮಾಡಿ ಕುಪ್ಪಸಕ್ಕೆ ಸೇರಿಸಿದಳು.

"ಈಗಲಾದ್ರೂ ಗುಡಿಸು ತಾಯಿ. ಮೂರು ಗಂಟೆ ಆಯ್ತು."

ಚಲುವಮ್ಮ ಹೋಗಿ ಪೊರಕೆ ತಂದಳು. ಅವಳ ಹೆಸರು ಇನ್ನೂ ಪಟ್ಟಿಯಲ್ಲಷ್ಟೇ ಇತ್ತು. ಖಾಯಂ ಆದ ಆರ್ಡರು ಕೈಗೆ ಬಂದಿರಲಿಲ್ಲ. ಈ ನನ್ನ ಮಕ್ಕಳು ಇನ್ನೊಂದು ಕಾಗದ ಟೈಪ್ ಮಾಡಿಸಿದರೆ ಅದು ಮತ್ತೆ ಹೋದೀತು. ಅದು ಅವಳಿಗೆ ಗೊತ್ತಿತ್ತು. ಮಣ್ಣಿನ ಗುಡ್ಡೆಯನ್ನು ನೋಡಿದಳು, ಅರಿಸಿನ ಕುಂಕುಮ ಕಲಸಿದ ಆ ಗೆದ್ದಲನ್ನು ನೋಡಿದಳು. ಸೊಂಟ ಬಗ್ಗಿಸುವುದಕ್ಕೆ ಹೋದಳು. ಬಗ್ಗಲಿಲ್ಲ. ಸೊಂಟದ ನೋವಿಗಲ್ಲ, ಮನಸ್ಸೇ ಬಗ್ಗಲಿಲ್ಲ. ತಿರುಗಿ ಪೊರಕೆಯನ್ನು ಪುಟ್ಟಸ್ವಾಮಿಯ ಎದೆಗೆ ಚಾಚಿದಳು.

"ನಿಮ್ ದ್ಯಾವ್ರು ಸಾ. ನೀವೇ ಗುಡುಸ್ಕಳಿ."

ಪುಟ್ಟಸ್ವಾಮಿ ಪೊರಕೆ ಮುಟ್ಟಲಿಲ್ಲ. ಅದು ನೆಲಕ್ಕೆ ಬಿತ್ತು. ಚಲುವಮ್ಮ ಎತ್ತಿಕೊಳ್ಳದೆ ಹೊಸಿಲು ದಾಟಿದಳು.

"ಏಯ್! ಏಯ್, ನಿಂತ್ಕೋ!" ಪ್ರಸನ್ನ ಒಂದು ಕಾಲಿಗೆ ಶೂ ಹಾಕಿಕೊಂಡು ಕುಂಟುತ್ತ ಹಿಂದೆ ಬಂದ. "ಕರ್ತವ್ಯಲೋಪ ಇದು! ಈಗಿಂದೀಗ ಇನ್ನೊಂದು ನೋಟಿಸ್ ಕೊಡ್ತೀನಿ!"

ಚಲುವಮ್ಮ ಮೆಟ್ಟಿಲ ಮೇಲೆ ನಿಂತು ತಿರುಗಿದಳು.

"ಕೊಡಿ ಸಾ," ಅಂದಳು. "ಇದಾದ್ರೂವೆ ನಾನ್ ಮಾಡಿರೋ ತಪ್ಗೆ ಕೊಟ್ಟಂಗಾಯ್ತದೆ."